ಮನೆಯ ಮೂರು ಕಂಪ್ಯೂಟರ್, ಒಂದು ಹಾರ್ಡ್ ಡಿಸ್ಕ್: ತಪ್ಪು ಕಲ್ಪನೆ ಮತ್ತು ವಾಸ್ತವ

ಅಪ್ಪನ ಹಳೆಯ ಡೆಸ್ಕ್‌ಟಾಪ್, ಅಮ್ಮನ ಲ್ಯಾಪ್‌ಟಾಪ್, ಕಾಲೇಜಿಗೆ ಹೋಗುವ ಮಗಳ ಮ್ಯಾಕ್‌ಬುಕ್. ಇಂಥ ಮನೆಗೆ 2 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಸಾಕು. ಆದರೂ ಡಿಸ್ಕ್ ಕೊಂಡಿಟ್ಟ ಮನೆಗಳಲ್ಲೇ ಮದುವೆಯ ಫೋಟೊ, ಅರ್ಧ ಬರೆದ ಕಾದಂಬರಿ, ಅಂಗಡಿಯ ಲೆಕ್ಕ ಕಳೆದುಹೋಗುತ್ತವೆ. ಅದಕ್ಕೆ ಕಾರಣವಾಗುವ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಫೋಟೊಗಳನ್ನು ಡಿಸ್ಕಿಗೆ ಹಾಕಿ ಕಂಪ್ಯೂಟರಿನಲ್ಲಿ ಅಳಿಸಿದ್ದೇವೆ, ಬ್ಯಾಕಪ್ ಆಯಿತು.

ಆಗಲಿಲ್ಲ. ಮೊದಲೂ ಒಂದೇ ಪ್ರತಿ ಇತ್ತು, ಈಗಲೂ ಒಂದೇ ಇದೆ. ಅದೂ ಕೈಜಾರಿ ಬೀಳಬಹುದಾದ ಪೆಟ್ಟಿಗೆಯಲ್ಲಿ. ಅದರೊಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಹಾಗೆ ತಿರುಗುವಾಗ ಡಿಸ್ಕ್ ಮೇಜಿನಿಂದ ಬಿದ್ದರೆ ಎಲ್ಲವೂ ಹೋಗಬಹುದು. ಒಂದೇ ಫೈಲು ಎರಡು ಕಡೆ ಇದ್ದಾಗಲೇ ಅದು ಬ್ಯಾಕಪ್. ನಾನು ಕಂಡಂತೆ ಹೆಚ್ಚು ನಷ್ಟ ತಂದಿರುವ ನಂಬಿಕೆ ಇದೇ.

ತಪ್ಪು ಕಲ್ಪನೆ: ಒಂದೇ ಡಿಸ್ಕಿಗೆ ಎಲ್ಲರದ್ದೂ ಹಾಕಿದರೆ ಕಲಸಿಹೋಗುತ್ತದೆ.

ವಿಂಡೋಸ್‌ನಲ್ಲೇ ಇರುವ ಬ್ಯಾಕಪ್ ಸೌಲಭ್ಯ ಫೈಲ್ ಹಿಸ್ಟರಿ, ಡಿಸ್ಕಿನಲ್ಲಿ ಬಳಕೆದಾರರ ಹೆಸರು, ಕಂಪ್ಯೂಟರಿನ ಹೆಸರು ಇಟ್ಟು ಬೇರೆ ಬೇರೆ ಫೋಲ್ಡರ್ ಮಾಡಿಕೊಳ್ಳುತ್ತದೆ. ಪ್ರತಿ ಕಂಪ್ಯೂಟರಿಗೂ ಬೇರೆ ಹೆಸರಿದ್ದರಾಯಿತು.

ತೊಡಕಿರುವುದು ಮ್ಯಾಕ್ ಜೊತೆಗಿದ್ದಾಗ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಮ್ಯಾಕ್‌ನ ಬ್ಯಾಕಪ್ ಸೌಲಭ್ಯವಾದ ಟೈಮ್ ಮಷೀನ್‌ಗೆ ಆಪಲ್‌ನದೇ ಫಾರ್ಮ್ಯಾಟ್ ಬೇಕು. ಆದ್ದರಿಂದ ಡಿಸ್ಕ್ ಖಾಲಿ ಇರುವಾಗಲೇ ಅದನ್ನು ವಿಂಡೋಸ್‌ಗೊಂದು, ಮ್ಯಾಕ್‌ಗೊಂದು ಎಂದು ಎರಡು ಪಾರ್ಟಿಷನ್ ಮಾಡಿಕೊಳ್ಳಿ. ತುಂಬಿದ ಡಿಸ್ಕನ್ನು ಮ್ಯಾಕ್‌ಗೆ ಜೋಡಿಸಿ, ಅಳಿಸಲೇ ಎಂದು ಅದು ಕೇಳಿದಾಗ ಒಪ್ಪಿಬಿಟ್ಟರೆ ಉಳಿದವರ ಬ್ಯಾಕಪ್ ಆ ಕ್ಷಣವೇ ಹೋಗುತ್ತದೆ. ಹಳೆಯ ಡಿಸ್ಕ್ ಫ್ಯಾಟ್32 ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿ ದಾಟಿದ ಒಂದು ವಿಡಿಯೊ ಕೂಡ ಅದರಲ್ಲಿ ಕೂರದು.

ತಪ್ಪು ಕಲ್ಪನೆ: ಬ್ಯಾಕಪ್ ಆನ್ ಮಾಡಿದರೆ ಎಲ್ಲವೂ ಸೇರುತ್ತದೆ.

ಫೈಲ್ ಹಿಸ್ಟರಿ ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಗೊತ್ತಾದ ಜಾಗಗಳನ್ನು. ಡಿ ಡ್ರೈವ್‌ನಲ್ಲಿ ನೀವೇ ಮಾಡಿಕೊಂಡ ಫೋಲ್ಡರ್, ಅಲ್ಲಿಟ್ಟ ಟ್ಯಾಲಿ ಲೆಕ್ಕ ತಾನಾಗಿ ಸೇರುವುದಿಲ್ಲ. ಪ್ರೋಗ್ರಾಂಗಳೂ ಸೇರುವುದಿಲ್ಲ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಯೂನಿಕೋಡ್ ಅಲ್ಲದ ರೀತಿಯಲ್ಲಿ ಟೈಪ್ ಮಾಡಿದ ಲೇಖನ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫಾಂಟ್‌ಗಳಿರುವುದು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿ, ಫೈಲ್ ಹಿಸ್ಟರಿ ಅತ್ತ ಹೋಗುವುದಿಲ್ಲ. ಅವನ್ನು ಕೈಯಾರೆ ಕಾಪಿ ಮಾಡಿ ಲೇಖನಗಳ ಜೊತೆಗೇ ಇಡಿ. ಸಾಧ್ಯವಾದರೆ ಯೂನಿಕೋಡ್‌ಗೆ ಬದಲಿಸಿದ ಒಂದು ಪ್ರತಿಯೂ ಇರಲಿ.

ತಪ್ಪು ಕಲ್ಪನೆ: ಡಿಸ್ಕ್ ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರಬೇಕು.

2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈನಂಥ ಕುತಂತ್ರಾಂಶ ಕಂಪ್ಯೂಟರಿನ ಫೈಲುಗಳ ಜೊತೆಗೆ ಅದಕ್ಕೆ ಜೋಡಿಸಿದ ಡಿಸ್ಕಿನ ಫೈಲುಗಳಿಗೂ ಬೀಗ ಹಾಕುತ್ತದೆ. ಸಿಡಿಲಿಗೂ ಎರಡೂ ಒಟ್ಟಿಗೇ ಸಿಕ್ಕುತ್ತವೆ. ಬ್ಯಾಕಪ್ ಮುಗಿದ ಮೇಲೆ ಇಜೆಕ್ಟ್ ಮಾಡಿ, ಕೇಬಲ್ ತೆಗೆದು ಬೀರುವಿನಲ್ಲಿಡಿ. ಮೊದಲ ಸಲ ಗಂಟೆಗಟ್ಟಲೆ ಹಿಡಿಯಬಹುದು. ಆಮೇಲೆ ಹೊಸತು ಮತ್ತು ಬದಲಾದದ್ದು ಮಾತ್ರ ಹೋಗುವುದರಿಂದ ಬೇಗ ಮುಗಿಯುತ್ತದೆ.

ತಪ್ಪು ಕಲ್ಪನೆ: ಗೂಗಲ್ ಡ್ರೈವ್ ಇದೆಯಲ್ಲ, ಡಿಸ್ಕ್ ಯಾಕೆ?

ಸಿಂಕ್ ಆಗುವ ಫೋಲ್ಡರಿನಲ್ಲಿ ಅಳಿಸಿದ ಫೈಲು ಡ್ರೈವ್‌ನಲ್ಲೂ ಅಳಿಯುತ್ತದೆ, ಟ್ರ್ಯಾಶ್‌ನಲ್ಲಿ 30 ದಿನ ಉಳಿಯುತ್ತದೆ. ಉಚಿತ ಜಾಗವೂ 15 ಜಿಬಿ ಮಾತ್ರ. ಎರಡೂ ಇರಲಿ.

ತಪ್ಪು ಕಲ್ಪನೆ: ಬ್ಯಾಕಪ್ ಮುಗಿಯಿತೆಂದು ತೋರಿಸಿದರೆ ಚಿಂತೆಯಿಲ್ಲ.

ವಾಪಸ್ ತೆಗೆದು ನೋಡುವವರೆಗೆ ಅದನ್ನು ನಂಬಬೇಡಿ. ಮೂರೂ ಕಂಪ್ಯೂಟರ್‌ಗಳ ಬ್ಯಾಕಪ್‌ನಿಂದ ಒಂದೊಂದು ಫೋಟೊ, ಒಂದೊಂದು ಲೇಖನ ತೆಗೆದು ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ. ಕೈಲಾದರೆ ಎರಡನೆಯ ಡಿಸ್ಕೊಂದನ್ನು ಕೊಂಡು ಊರಿನಲ್ಲಿರುವ ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇರಿಸಿ, ಹಬ್ಬಕ್ಕೆ ಹೋದಾಗಲೆಲ್ಲ ಅದನ್ನು ಹೊಸತು ಮಾಡಿಕೊಂಡು ಬನ್ನಿ.