ಗುರುಗಳಿಗೆ ಬೇಸರವಾಗುತ್ತಿರಲಿಲ್ಲವೇ?

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ, ಮೊಮ್ಮಗಳು ಓದುವ ಮೇಜಿನ ಎದುರಿನ ಗೋಡೆಗೆ ಕಳೆದ ವರ್ಷ ನಾನೇ ಒಂದು ಪಟ್ಟಿ ಅಂಟಿಸಿದ್ದೆ. ಸೋಲಿಗೆ ಅಂಜಬೇಡ, ಹಿಡಿದ ಕೆಲಸ ಬಿಡಬೇಡ, ದಿನಕ್ಕೊಂದು ಹೊಸದನ್ನು ಕಲಿ. ಹೀಗೆ ಹತ್ತು ಸೂತ್ರಗಳು. ನಮ್ಮೂರಿನಲ್ಲಿ ಇಂಥವಕ್ಕೆ ಬರವಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿರುವ ಸಪ್ತಾಪುರದಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಗೋಡೆಗೋಡೆಯೂ ಉಪದೇಶ ಮಾಡುತ್ತದೆ. 30 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನನಗೂ ಆ ಚಟ ಬಿಟ್ಟಿಲ್ಲ.

ಒಂಬತ್ತು ವರ್ಷದ ಆ ಹುಡುಗಿ ಮೂರನೆಯ ತಿಂಗಳಿಗೇ ಸಂಗೀತದ ಪಾಠ ಒಲ್ಲೆನೆಂದಳು. ಶಿಕ್ಷಕರು ಭೂಪ ರಾಗದ ಅದೇ ಸರಗಮ್ ಹಾಡಿಸುತ್ತಾರೆ, ಗಾಂಧಾರದಿಂದ ಪಂಚಮಕ್ಕೆ ಏರುವಾಗ, ಆ ರಾಗದಲ್ಲಿ ಇರಲೇಬಾರದ ಮಧ್ಯಮ ಇವಳ ದನಿಯಲ್ಲಿ ನುಸುಳುತ್ತದೆ, ಮತ್ತೆ ಮೊದಲಿನಿಂದ. ನಾನು ಪಟ್ಟಿಯ ಎರಡನೆಯ ಸೂತ್ರ ತೋರಿಸಿದೆ. ಪ್ರಯೋಜನವಾಗಲಿಲ್ಲ. ಕೊನೆಗೆ ಈ ಅವಳಿ ನಗರದ ಹಿರಿಯರೆಲ್ಲ ಮಾಡುವ ಕೆಲಸವನ್ನೇ ಮಾಡಿದೆ: ಗಂಗೂಬಾಯಿ ಹಾನಗಲ್ಲರ ಕಥೆ ಹೇಳಿದೆ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಶಾಲೆ ಐದನೆಯ ಇಯತ್ತೆಗೇ ಮುಗಿಯಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದ ಬಾಲಕಿಗೆ, ಊಟವಾದ ಮೇಲೆ ಎಲೆ ಎತ್ತಲು ಹೇಳಿಯಾರೆಂಬ ಅಂಜಿಕೆಯೂ ಇತ್ತು. ಜಾತಿ ಅಷ್ಟು ಹತ್ತಿರ ನಿಂತಿತ್ತು. 1930ರ ದಶಕದ ಉತ್ತರಾರ್ಧದಲ್ಲಿ ಅವರು ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಆ ಹೊತ್ತಿಗೆ ಅವರೇನೂ ಎಳೆಯ ವಿದ್ಯಾರ್ಥಿನಿಯಲ್ಲ. ತಾಯಿಯಾಗಿದ್ದರು, ಧ್ವನಿಮುದ್ರಿಕೆಗಳಿಂದ ಹೆಸರಾಗಿದ್ದರು. ಅಂಥವರನ್ನು ಗುರುಗಳು ಒಂದೇ ಸ್ವರಗುಚ್ಛಕ್ಕೆ ಗಂಟೆಗಟ್ಟಲೆ ಕೂಡಿಸುತ್ತಿದ್ದರು. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ದನಿ ಗಡುಸಾದಾಗ, ಆ ಗಡಸು ದನಿಯಲ್ಲೇ ಕಿರಾನಾ ಘರಾಣೆಯ ಗಾಯನವನ್ನು ಕಟ್ಟಿಕೊಂಡರು. 2002ರಲ್ಲಿ ಪದ್ಮವಿಭೂಷಣ ಬಂತು.

ಕಥೆ ಮುಗಿಸಿ, ಪರಿಣಾಮಕ್ಕಾಗಿ ಅವಳ ಮುಖ ನೋಡಿದೆ. 'ಅಜ್ಜಾ, ಅದನ್ನ ಕೇಳಿ ಕೇಳಿ ಗುರುಗಳಿಗೆ ಬ್ಯಾಸರ ಆಗ್ತಿರಲಿಲ್ಲೇನು?' ಎಂದಳು.

ಶಿಷ್ಯೆಯ ಛಲದ ಕಥೆಯನ್ನು ನೂರು ಸಲ ಹೇಳಿರುವ ನಾನು, ಎದುರಿಗೆ ಕುಳಿತು ಅದೇ ತಪ್ಪನ್ನು ಮತ್ತೆ ಮತ್ತೆ ಕೇಳಿಸಿಕೊಂಡ ಕಿವಿಯ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಮೆರೆದ ಗಾಯಕ ನಟರು. ಚಪ್ಪಾಳೆ ಕೇಳಿದ್ದ ಆ ಕಿವಿ ಕುಂದಗೋಳದಲ್ಲಿ ಪಲುಕುಗಳನ್ನು ತಿದ್ದುತ್ತ ಕುಳಿತಿತ್ತು. ಅದೇ ಕಾಲದಲ್ಲಿ ಆ ಮನೆಯಲ್ಲಿ ನೀರು ಹೊತ್ತು ಕಲಿಯುತ್ತಿದ್ದ ಇನ್ನೊಬ್ಬ ಶಿಷ್ಯ ಭೀಮಸೇನ ಜೋಶಿ. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಹುಡುಗರಿಂದ ನೀರು ಹೊರಿಸುವುದಾಗಲಿ, ಐದಕ್ಕೇ ಶಾಲೆ ಮುಗಿಯುವುದಾಗಲಿ ಯಾವ ಕಾಲಕ್ಕೂ ಆದರ್ಶವಲ್ಲ. ನಾನು ಹೇಳುತ್ತಿರುವುದು ಆ ಕೂಡುವಿಕೆಯ ಬಗ್ಗೆ ಮಾತ್ರ.

ಏಕೆಂದರೆ ನಾನು ಕೂಡಲಿಲ್ಲ. ಎಂಟನೆಯ ಇಯತ್ತೆಯಲ್ಲಿ ನನಗೊಬ್ಬ ವಿದ್ಯಾರ್ಥಿಯಿದ್ದ. ಭಿನ್ನರಾಶಿಗಳನ್ನು ಕೂಡಿಸೆಂದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಬಿಡುತ್ತಿದ್ದ. ನಾಲ್ಕು ಸಲ ತಿದ್ದಿದೆ. ಐದನೆಯ ಸಲ ಅವನ ವಹಿಯಲ್ಲಿ 'ಪ್ರಯತ್ನ ಸಾಲದು' ಎಂದು ಕೆಂಪು ಶಾಯಿಯಲ್ಲಿ ಬರೆದು ಮುಂದಿನ ಪಾಠಕ್ಕೆ ಹೋದೆ. ಪಠ್ಯಕ್ರಮ ಮುಗಿಸಬೇಕಿತ್ತು, ನಿಜ. ನನಗೆ ಬೇಸರ ಬಂದಿತ್ತು, ಅದೂ ನಿಜ. ದೀಪಾವಳಿ ರಜೆಯ ನಂತರ ಅವನು ಬರಲಿಲ್ಲ. ಗ್ಯಾರೇಜು ಸೇರಿದನೆಂದು ಜೊತೆಯ ಹುಡುಗರು ಹೇಳಿದರು. ಮನೆಯ ಕಾರಣಗಳೂ ಇದ್ದಿರಬಹುದು. ಆದರೆ ಅಂದು ಸಾಲದೇ ಹೋದದ್ದು ಯಾರ ಪ್ರಯತ್ನವೆಂದು ಈಗ ಅಷ್ಟು ಖಾತ್ರಿಯಿಂದ ಬರೆಯಲಾರೆ.

ಮೊಮ್ಮಗಳ ವಿಷಯದಲ್ಲೂ ಅದನ್ನೇ ಮಾಡುತ್ತಿದ್ದೆ. ಪಾಠದಿಂದ ಬಂದೊಡನೆ 'ಇವತ್ತು ಹೊಸದೇನು ಕಲಿತಿ?' ಎಂಬ ಪ್ರಶ್ನೆ. ಆರು ವಾರಗಳಿಂದ ಒಂದೇ ಸರಗಮ್ ಹಾಡುತ್ತಿರುವ ಮಗು ಏನೆಂದು ಉತ್ತರಿಸಬೇಕು? ಅಬ್ಯಾಕಸ್, ಕರಾಟೆ, ಚಿತ್ರಕಲೆ, ಇವೆಲ್ಲ ಎರಡು ವರ್ಷಗಳಲ್ಲಿ ಬಂದು ಹೋಗಿದ್ದವು. ಅವಳು ಬಿಟ್ಟಳು ಎಂದು ನೆಂಟರಿಗೆ ಹೇಳುತ್ತಿದ್ದೆವು. 'ಪ್ರಗತಿ ಕಾಣುತ್ತಿಲ್ಲ' ಎಂದು ಬಿಡಿಸಿದವರು ನಾವೇ.

ಯುಗಾದಿಯವರೆಗೆ ನೋಡೋಣ, ಆಮೇಲೂ ಬೇಡವೆನಿಸಿದರೆ ಬಿಡು ಎಂದು ಒಪ್ಪಂದವಾಗಿದೆ. ಪಟ್ಟಿಯನ್ನು ಕಿತ್ತಿದ್ದೇನೆ, ಗೋಡೆಯ ಬಣ್ಣವೂ ಸ್ವಲ್ಪ ಕಿತ್ತುಬಂತು. ಸಂಜೆ ಇಪ್ಪತ್ತು ನಿಮಿಷ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು ಅವಳೆದುರು ಕುಳಿತುಕೊಳ್ಳುತ್ತೇನೆ. ಎಲ್ಲಿ ತಪ್ಪಿತು ಎಂದಷ್ಟೇ ಕೇಳುತ್ತೇನೆ, ಅವಳಿಗೆ ಗೊತ್ತಿರುತ್ತದೆ.

ಇಪ್ಪತ್ತು ನಿಮಿಷ ದೊಡ್ಡ ಹೊತ್ತಲ್ಲವೆಂದುಕೊಂಡಿದ್ದೆ. ಮೊನ್ನೆ ಹನ್ನೊಂದನೆಯ ಸಲ ಮಧ್ಯಮ ನುಸುಳುವಷ್ಟರಲ್ಲಿ ನನಗೆ ತೂಕಡಿಕೆ ಬಂತು. ಹಾಡು ನಿಂತಿತು.

'ಅಜ್ಜಾ, ನಿನಗ ನಿದ್ದಿ ಬಂತು. ಮತ್ತ ಮೊದಲಿಂದ ಹಾಡ್ತೀನಿ, ಕೇಳು' ಎಂದಳು.