ಪ್ರಥಮ ಆವೃತ್ತಿಯೋ, ಮೂಲ ಮಾದರಿಯೋ?

ಇಚಲಕರಂಜಿಯ ಮಗ್ಗದವರು ಸೀರೆಯ ಅಂಚಿಗೆ ಮರುಳಾಗದೆ ಒಡಲನ್ನು ಮುಟ್ಟಿ ನೋಡುವರು. ಹೊಸ ಕಾರಿಗೆ ಆಸೆಪಡುವ ನಮ್ಮ ತರುಣರಿಗೂ ಈ ವಿವೇಕ ಅವಶ್ಯ.

2019ರಲ್ಲಿ ಜಪಾನಿನ ಟೊಯೊಟಾ ಸಂಸ್ಥೆಯು ‘ಸುಪ್ರಾ’ ಎಂಬ ಸ್ಪೋರ್ಟ್ಸ್ ಕಾರನ್ನು ಪುನಃ ಹೊರತಂದಿತು. ಅಮೆರಿಕೆಯಲ್ಲಿ ಮೂಲ ಮಾದರಿಯ ಬೆಲೆ 49,990 ಡಾಲರ್; ಕೇವಲ 1,500 ತಯಾರಾದ ಪ್ರಥಮ ಆವೃತ್ತಿಯದು 55,250. ಎರಡರಲ್ಲಿಯೂ ಇದ್ದುದು 3 ಲೀಟರಿನ, 335 ಅಶ್ವಶಕ್ತಿಯ ಒಂದೇ ಎಂಜಿನ್! ಹೆಚ್ಚಿನ ಹಣಕ್ಕೆ ದೊರೆತದ್ದು ಒಳಗಿನ ಕೆಲವು ಸೌಕರ್ಯ, ಕಪ್ಪು ಚಕ್ರ, ಕ್ರಮಸಂಖ್ಯೆಯ ಫಲಕ.

ನಮ್ಮ ದೇಶದಲ್ಲಿಯೂ 2020ರಲ್ಲಿ ಮಹೀಂದ್ರಾ ‘ಥಾರ್’ನ ಪ್ರಥಮ ವಾಹನವು ಹರಾಜಿನಲ್ಲಿ 1.11 ಕೋಟಿ ರೂಪಾಯಿಗೆ ಹೋಯಿತು. ಆ ಹಣ ಸತ್ಕಾರ್ಯಕ್ಕೆ ಸಂದಿತು. ಅದು ದಾನದ ಮೊತ್ತವೇ ಹೊರತು ವಾಹನದ ಬೆಲೆಯಲ್ಲ.

ಮಹಾರಾಷ್ಟ್ರದಲ್ಲಿ ಕಾರಿನ ತೆರಿಗೆಯನ್ನು ಅದರ ಬೆಲೆಯ ಮೇಲೆಯೇ ಕಟ್ಟಬೇಕು. ಆದುದರಿಂದ ಅಲಂಕಾರಕ್ಕೂ ತೆರಿಗೆ, ಸಾಲ ಮಾಡಿದರೆ ಅಲಂಕಾರಕ್ಕೂ ಬಡ್ಡಿ. ವಿಮೆಯವರಾದರೋ ವರ್ಷ ದಾಟಿದೊಡನೆ ವಾಹನದ ಮೌಲ್ಯವನ್ನು ಶೇಕಡಾ 20ರಷ್ಟು ತಗ್ಗಿಸಿ ಎಣಿಸುವರು.

ಕೈಯಲ್ಲಿ ಮಿಗುತಾಯದ ಹಣವಿದ್ದು, ಅಪೂರ್ವ ವಸ್ತುವನ್ನು ಕಾಪಾಡುವ ಹವ್ಯಾಸವಿದ್ದವರು ಪ್ರಥಮ ಆವೃತ್ತಿಯನ್ನು ಕೊಳ್ಳಲಿ. ತಂದೆಯ ಮಗ್ಗವನ್ನು ಅಡವಿಟ್ಟು ಕೊಳ್ಳುವ ಮಗನಿಗೆ ಮೂಲ ಮಾದರಿಯೇ ಹೆಚ್ಚು. ಓಡುವುದು ಎಂಜಿನ್, ಫಲಕವಲ್ಲ.