ಮುಟ್ಟು ನಿಂತವರ ಕೈಗೊಂದು ಕ್ಯಾಮೆರಾ

ಏಪ್ರಿಲ್ ಬಂತೆಂದರೆ ರಾಯಚೂರಿನಲ್ಲಿ ಎಲ್ಲರ ಮೈಯೂ ಕುದಿಯುತ್ತದೆ. ಹಾಗಾಗಿ ನಲವತ್ತೈದು ದಾಟಿದ ಹೆಂಗಸು ‘ಮೈಯೆಲ್ಲ ಉರೀತದ’ ಅಂದರೆ ಮನೆಯವರು ಅದನ್ನು ಬಿಸಿಲಿನ ಲೆಕ್ಕಕ್ಕೇ ಹಾಕುತ್ತಾರೆ. ಆದರೆ ಮುಟ್ಟು ನಿಲ್ಲುವ ಹೊತ್ತಿನ ಈ ಉರಿ ಚಳಿಗಾಲದ ಬೆಳಗಿನ ಜಾವಕ್ಕೂ ಬರುತ್ತದೆ. ಮಾನ್ವಿಯ ಗದ್ದೆಯಲ್ಲಿ ಸಸಿ ಹಚ್ಚುವಾಗ, ದೇವದುರ್ಗದ ಹೊಲದಲ್ಲಿ ಹತ್ತಿ ಬಿಡಿಸುವಾಗ ಎದೆಯಿಂದ ಝಳ ಎದ್ದು ಮುಖಕ್ಕೇರುತ್ತದೆ. ಕುಪ್ಪಸದ ಬೆನ್ನು ತೊಯ್ದು ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಅದೇ ಒದ್ದೆಯಿಂದ ನಡುಕ. ಹತ್ತಿಗೆ ಕೂಲಿ ಕಿಲೋ ಲೆಕ್ಕದಲ್ಲಿ ಸಿಗುವಾಗ ಗಿಡದ ನೆರಳಿಗೆ ಹೋಗಿ ಕೂತವಳ ಸಂಕಟವನ್ನು ತೂಗುವವರು ಯಾರು?

ಸರ್ಕಾರದ ಕಣ್ಣಿಗೂ ಇವರು ಬೀಳುವುದು ಕಡಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಣ್ಣುಮಕ್ಕಳಿಗೆ ಕೇಳುವ ಪ್ರಶ್ನೆಗಳು 15ರಿಂದ 49 ವರ್ಷದವರಿಗೆ ಮಾತ್ರ. ಬಸಿರು, ಬಾಣಂತನ, ಮಕ್ಕಳಾಗದಂತೆ ಆಪರೇಷನ್ ಮುಗಿದ ಮೇಲೆ ಆಸ್ಪತ್ರೆಗೂ ಅವಳಿಗೂ ನಂಟು ಸಡಿಲವಾಗುತ್ತದೆ. ಆಮೇಲೆ ಹೊಟ್ಟೆನೋವು, ಹೆಚ್ಚು ರಕ್ತಸ್ರಾವ ಎಂದು ಹೋದವಳಿಗೆ ‘ಗರ್ಭಚೀಲ ತೆಗೆಸಿಬಿಡು’ ಎಂಬ ಸಲಹೆ ಬಲು ಬೇಗ ಸಿಗುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆದಿದ್ದಾರೆಂದು ಲಂಬಾಣಿ ಮಹಿಳೆಯರು 2017ರಲ್ಲಿ ಬೀದಿಗಿಳಿದಿದ್ದರು. ಗರ್ಭಕೋಶದ ಜತೆ ಅಂಡಾಶಯಗಳನ್ನೂ ತೆಗೆದರೆ, ಮೈ ವರ್ಷಗಟ್ಟಲೆ ನಿಧಾನವಾಗಿ ಹೊಂದಿಕೊಳ್ಳಬೇಕಾದ ಬದಲಾವಣೆ ಒಮ್ಮೆಲೇ ಬಂದು ಬೀಳುತ್ತದೆ.

ಹೆಣ್ಣುಮಕ್ಕಳು ಬಾಯಿಬಿಡದ ಇಂಥ ಸಂಕಟವನ್ನು ಹೇಳಿಸಲು ಸಮೀಕ್ಷೆಯ ಪ್ರಶ್ನೆಪಟ್ಟಿಗಿಂತ ಕ್ಯಾಮೆರಾ ಒಳ್ಳೆಯದು ಎಂದು ನಾನು ನಂಬುತ್ತೇನೆ. ಇದಕ್ಕೆ ಆಧಾರವಿದೆ. 1990ರ ದಶಕದ ಆರಂಭದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟರು. ತೆಗೆದ ಚಿತ್ರಗಳನ್ನು ಆರಿಸಿದವರೂ ಅವರೇ, ಸುತ್ತ ಕೂತು ಅವುಗಳ ಕತೆ ಹೇಳಿದವರೂ ಅವರೇ. ಆಮೇಲೆ ಅವು ಅಧಿಕಾರಿಗಳ ಮುಂದೆ ಹೋದವು. ತಾಯಿ ಕಳೆ ಕೀಳುವಾಗ ಹೊಲದಲ್ಲಿ ಒಂಟಿಯಾಗಿ ಮಲಗಿದ ಕೂಸಿನ ಚಿತ್ರ ಅವುಗಳಲ್ಲೊಂದು. ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯ ಮಾತು ಅಲ್ಲಿ ಗಟ್ಟಿಯಾಗಿ ಎದ್ದದ್ದು ಇಂಥ ಚಿತ್ರಗಳಿಂದ. ಓದು ಬರಹ ಬಾರದವರಿಗೆ ಇದೆಲ್ಲ ಆದೀತೇ ಎನ್ನುವವರು ಬೀದರಿನ ಗಡಿಯಾಚೆಗಿನ ಜಹೀರಾಬಾದ್ ಕಡೆ ನೋಡಲಿ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಮಹಿಳೆಯರು ತಾವೇ ವಿಡಿಯೊ ಚಿತ್ರ ಮಾಡುತ್ತಾರೆ, 2008ರಿಂದ ರೇಡಿಯೊ ನಡೆಸುತ್ತಿದ್ದಾರೆ.

ನಮ್ಮಲ್ಲೂ ಸ್ವಸಹಾಯ ಸಂಘಗಳಿವೆ, ಮನೆಗೊಂದು ಮೊಬೈಲ್ ಇದೆ. ಚಿತ್ರದಲ್ಲಿ ಮುಖ ತೋರಿಸಲೇಬೇಕೆಂದಿಲ್ಲ. ನಿದ್ದೆ ಬಾರದೆ ನಡುರಾತ್ರಿ ಅಂಗಳಕ್ಕೆ ಎಳೆದ ಹೊರಸು, ಉರಿಯುವ ಅಂಗಾಲನ್ನು ಇಡುವ ತಣ್ಣನೆ ಬಂಡೆ, ಮೊಣಕಾಲು ನೋವಿಗೆ ಏರಲಾಗದ ಬಸ್ಸಿನ ಮೆಟ್ಟಿಲು ಸಾಕು. ಯಾವ ಚಿತ್ರವನ್ನು ಯಾರಿಗೆ ತೋರಿಸಬೇಕೆಂಬ ತೀರ್ಮಾನ ತೆಗೆದವಳದೇ ಆಗಿರಬೇಕು. ಗಂಡನಿಗೆ ತೋರಿಸಲು ಒಲ್ಲದ್ದನ್ನು ಗೆಳತಿಯರ ಮುಂದೆ ಇಟ್ಟಾಳು.

ಉದಾಹರಣೆಗೆ, ಹಿತ್ತಲ ತಂತಿಯ ಮೇಲೆ ಸೀರೆಯ ಅಡಿಗೆ ಮುಚ್ಚಿ ಒಣಗಿಸಿದ ಮುಟ್ಟಿನ ಬಟ್ಟೆಯ ಚಿತ್ರ. ‘ಮುಟ್ಟು ನಿಂತು ವರ್ಷಾತಲ್ಲ, ಮತ್ಯಾಕ ಈ ಬಟ್ಟಿ?’ ಎಂದು ಪಕ್ಕದವಳು ಕೇಳಬಹುದು. ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಅದು ಕ್ಯಾನ್ಸರಿನ ಸೂಚನೆಯೂ ಆಗಿರಬಹುದು, ತಡಮಾಡದೆ ಪರೀಕ್ಷೆಯಾಗಬೇಕು. ಮಾತು ಹೊರಬಿದ್ದ ವಾರದಲ್ಲೇ ಅವಳ ಜತೆ ತಾಲ್ಲೂಕು ಆಸ್ಪತ್ರೆಗೆ, ಬೇಕಾದರೆ ರಾಯಚೂರಿನ ರಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬಸ್ಸು ಹತ್ತುವ ಒಬ್ಬರು ಆ ಗೆಳತಿಯರ ಗುಂಪಿನಲ್ಲಿ ಇರಬೇಕು. ಆ ದಿನದ ಕೂಲಿಯನ್ನು ಸಂಘ ಭರಿಸಬೇಕು.